ಮುದುಕಿಯಾಗಲು ಹಾಕಿದ ಅರ್ಜಿ

ನನ್ನ ಹೊಲಿಗೆ ಅಂಗಡಿಯ ಗೋಡೆಯಲ್ಲಿ ಒಂದು ಗಡಿಯಾರ ತೂಗುತ್ತಿದೆ. ವಿಮೆ ಏಜೆಂಟರಾದ ನಮ್ಮ ಚಿಕ್ಕಪ್ಪ ಪುಕ್ಕಟೆಯಾಗಿ ಕೊಟ್ಟದ್ದು. ಅದರ ನಟ್ಟನಡುವೆ, ಮುಳ್ಳುಗಳು ಹುಟ್ಟುವ ಜಾಗದಲ್ಲಿ, ಅವರದೇ ನಗುಮುಖ ಅಚ್ಚಾಗಿದೆ. ಒಂಬತ್ತೂಕಾಲಿಗೆ ಚಿಕ್ಕಪ್ಪನಿಗೆ ಮೀಸೆ ಬರುತ್ತದೆ. ಹನ್ನೆರಡಕ್ಕೆ ಹಣೆಯ ಮೇಲೆ ನಾಮ ಏಳುತ್ತದೆ. ಆರೂವರೆಗೆ ನಾಲಗೆ ಚಾಚಿ ಗಿರಾಕಿಗಳನ್ನು ಅಣಕಿಸುತ್ತಾರೆ. ಕೆಳಗೆ ‘ನಿಮ್ಮ ನಾಳೆಗೆ ನಾನು ಹೊಣೆ’ ಎಂದು ಬರೆದಿದೆ. ಇವತ್ತಿನ ಹೊತ್ತನ್ನೇ ನೆಟ್ಟಗೆ ತೋರಿಸದ ಗಡಿಯಾರಕ್ಕೆ ನಾಳೆಯ ಹೊಣೆ! ಒಮ್ಮೆ ರವಿಕೆ ಕೊಡಲು ಬಂದ ಹೆಂಗಸೊಬ್ಬಳು ಅದನ್ನು ಬಹಳ ಹೊತ್ತು ನೋಡಿ, ದನಿ ತಗ್ಗಿಸಿ, “ಯಾವಾಗ ಹೋದ್ರಮ್ಮ ನಿಮ್ಮಪ್ಪ?” ಎಂದು ಕೇಳಿದಳು. ಫೋಟೊ ಹಾಕಿ ಗೋಡೆಗೆ ತೂಗುಬಿಟ್ಟರೆ ನಮ್ಮ ಮಧುಗಿರಿಯಲ್ಲಿ ಬೇರೆ ಅರ್ಥವಿಲ್ಲ.

ಈ ಗಡಿಯಾರ ಬಂದದ್ದು ನಾನು ಪಿಂಚಣಿ ಹುಡುಕಲು ಹೊರಟ ವರ್ಷ. ಪಿಂಚಣಿ ಎಂದ ಕೂಡಲೇ ನೀವು ನನ್ನನ್ನು ಬೆನ್ನು ಬಾಗಿದ ಮುದುಕಿ ಎಂದುಕೊಂಡಿರಬೇಕು. ನನಗಿನ್ನೂ ಮೂವತ್ತು ತುಂಬಿಲ್ಲ. ಬಿ.ಕಾಂ. ಓದಿ, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ರವಿಕೆ ಹೊಲಿಯುತ್ತೇನೆ. ಮದುವೆ ಹೆಣ್ಣುಗಳ ತೋಳಿಗೆ ಮಣಿ ಕೂರಿಸಿ ನವಿಲು ಬಿಡಿಸುತ್ತೇನೆ. ನನಗೆ ಯಜಮಾನನಿಲ್ಲ, ಹಾಜರಿ ಇಲ್ಲ, ಸಂಬಳದಲ್ಲಿ ಹಿಡಿಯುವವರೂ ಇಲ್ಲ, ಹಿಡಿದದ್ದನ್ನು ಕೊನೆಗೆ ಕೊಡುವವರೂ ಇಲ್ಲ. “ನೀನೇ ರಾಣಿ ಬುಡು” ಎನ್ನುತ್ತಾರೆ ಗೆಳತಿಯರು. ರಾಣಿಯರು ಮುದುಕಿಯರಾದಾಗ ಊಟಕ್ಕೇನು ಮಾಡುತ್ತಿದ್ದರೆಂದು ಮಾತ್ರ ಯಾರೂ ಹೇಳುವುದಿಲ್ಲ.

ನನ್ನ ತಲೆಗೆ ಈ ಹುಳ ಬಿಟ್ಟವಳು ಪುಟ್ಟತಾಯಕ್ಕ. ಅಮ್ಮನ ತವರು ಕೊರಟಗೆರೆ. ಅಲ್ಲಿ ಅಜ್ಜಿಯ ಮನೆಯ ಎದುರು ಸಾಲಿನಲ್ಲಿ ಅವಳ ಮನೆ. ಬೇಸಗೆ ರಜೆಯಲ್ಲಿ ನನಗೆ ಅವಳ ಹೊಲಿಗೆ ಯಂತ್ರದ ಅಡಿಯೇ ಆಟದ ಮನೆಯಾಗಿತ್ತು. ಮೇಲೆ ಅವಳ ಪಾದಗಳು ತುಳಿಯುತ್ತಿದ್ದರೆ ಕೆಳಗೆ ನಾನು ಬಣ್ಣಬಣ್ಣದ ಚಿಂದಿಯ ಗುಡ್ಡೆಯಲ್ಲಿ ಕೂತು, ಯಂತ್ರದ ಎಣ್ಣೆಯ ವಾಸನೆ ಕುಡಿಯುತ್ತಾ, ಬಿದ್ದ ಗುಂಡಿಗಳನ್ನು ಆರಿಸುತ್ತಿದ್ದೆ. ಒಂದು ಸಲ ಗುಂಡಿಯೊಂದನ್ನು ಮೂಗಿಗೆ ಏರಿಸಿಕೊಂಡು ರಂಪ ಮಾಡಿದ್ದೆ. ಪುಟ್ಟತಾಯಕ್ಕ ಗಾಬರಿಯಾಗದೆ ನಶ್ಯದ ಡಬ್ಬಿ ಹಿಡಿದಳು. ಒಂದೇ ಸೀನಿಗೆ ಗುಂಡಿ ಹೊರಬಿತ್ತು. ಅದನ್ನು ತೊಳೆದು ಯಾವುದೋ ಹುಡುಗನ ಯೂನಿಫಾರಂ ಅಂಗಿಗೆ ಹೊಲಿದೂ ಬಿಟ್ಟಳು. ಸುತ್ತಲಿನ ಅಷ್ಟೂ ಹಳ್ಳಿಗಳ ಮಕ್ಕಳ ಯೂನಿಫಾರಂ ಅವಳ ಕೈಯಿಂದಲೇ ಆಗಬೇಕು. ಅವಳು ಮದುವೆಯಾಗಲಿಲ್ಲ. ಪುರಸೊತ್ತು ಸಿಗಲಿಲ್ಲ ಎನ್ನುತ್ತಿದ್ದಳು. ನಾನು ನಂಬುತ್ತೇನೆ.

ಕಣ್ಣಿಗೆ ಪೊರೆ ಬಂತು, ತೆಗೆಸಿದರು. ಆಮೇಲೆ ಕೈ ನಡುಗತೊಡಗಿತು. ಅದನ್ನು ತೆಗೆಸಲು ಬರುವುದಿಲ್ಲ. ಈಗ ತಮ್ಮನ ಮನೆಯಲ್ಲಿದ್ದಾಳೆ. ತಮ್ಮನೂ ಅವನ ಹೆಂಡತಿಯೂ ಒಳ್ಳೆಯವರು, ಹೊತ್ತಿಗೆ ಸರಿಯಾಗಿ ಮುದ್ದೆ ಇಕ್ಕುತ್ತಾರೆ. ಆ ಮನೆ ಅನುಕೂಲವಂತರದ್ದು ಎಂದು ಬರೆದುಕೊಂಡ ಕಚೇರಿಯವರು ಅವಳಿಗೆ ವೃದ್ಧಾಪ್ಯ ವೇತನ ಇಲ್ಲವೆಂದರು. ತಮ್ಮನ ಟ್ರಾಕ್ಟರ್ ಮೇಲೆ ಪುಟ್ಟತಾಯಕ್ಕನಿಗೇನು ಹಕ್ಕೋ, ಅವಳೇನು ಟ್ರಾಕ್ಟರನ್ನು ಅಡಿಕೆಯಂತೆ ಅಗಿಯುತ್ತಾಳೋ ನನಗೆ ತಿಳಿಯದು.

ಬಸ್ಸು ಹೆಂಗಸರಿಗೆ ಪುಕ್ಕಟೆಯಾದ ಮೇಲೆ ಅವಳು ಮಂಗಳವಾರ ಮಂಗಳವಾರ ನನ್ನ ಅಂಗಡಿಗೆ ಬಂದು ಕೂರುತ್ತಾಳೆ. ಹಾಗೆ ಕೂತಿದ್ದ ಒಂದು ದಿನ, “ಹುಕ್ಕು ಹಾಕೋದಾದ್ರೂ ಕೊಡೇ ಶೈಲಾ” ಎಂದಳು. ಕೊಟ್ಟೆ. ನೋಡಿದೆ. ಸೂಜಿ ಬಟ್ಟೆಯ ಒಂದು ಕಡೆ ಹೋಗಿ, ಬೆರಳ ತುದಿಯಲ್ಲಿ ಹೊರಬಂತು. ರಕ್ತವನ್ನು ಸೆರಗಿಗೆ ಒರೆಸಿಕೊಂಡು, ರವಿಕೆಗೆ ಕಲೆ ತಾಗಿತೇ ಎಂದು ಮೊದಲು ನೋಡಿದಳು.

“ನಾನು ಕೆಲ್ಸ ಬುಟ್ಟಿಲ್ಲ ಕಣವ್ವ. ಕೆಲ್ಸನೇ ನನ್ನ ಬುಟ್ಟೋಯ್ತು” ಎಂದಳು.

“ಈಗ ನಿಂಗೇನು ಕಡಿಮೆಯಾಗೈತೆ ಅಕ್ಕ?”

“ಹೊಟ್ಟೆಗೇನೂ ಕಡ್ಮೆ ಇಲ್ಲ. ಎಲೆ ಅಡ್ಕೆಗೆ ಕೈ ಒಡ್ಬೇಕಲ್ಲ, ಅದು. ಕೇಳಿದ್ರೆ ಕೊಡ್ತಾರೆ. ಕೇಳೋ ಮುಂಚೆ ಕೊಡಾದಿಲ್ಲ.”

ಆ ವಾರವೇ ನಾನು ಪಿಂಚಣಿಗೆ ಏನು ಮಾಡಬೇಕೆಂದು ವಿಚಾರಿಸತೊಡಗಿದೆ. ವಿಚಾರಿಸಿದ್ದೇ ತಪ್ಪು. ನಮ್ಮ ಸುತ್ತಲಿನ ನಾಲ್ಕು ತಾಲ್ಲೂಕಿನಲ್ಲಿ ನೀರಿಗೆ ಬರವಿರಬಹುದು, ಬುದ್ಧಿವಾದಕ್ಕಿಲ್ಲ.

ಮೊದಲು ಬಂದವರು ಚಿಕ್ಕಪ್ಪ, ಗಡಿಯಾರದ ಸಮೇತ. ಅವರ ಪಾಲಿಸಿಯೊಂದರಲ್ಲಿ ಎಲ್ಲವೂ ಇತ್ತು: ಸತ್ತರೆ ಇಷ್ಟು, ಅಪಘಾತದಲ್ಲಿ ಸತ್ತರೆ ಅದರ ದುಪ್ಪಟ್ಟು, ಕೈಕಾಲು ಹೋದರೆ ಅರ್ಧ. “ಚಿಕ್ಕಪ್ಪ, ಸಾಯದೇ ಇದ್ರೆ?” ಎಂದೆ. ಅವರು ಕಕ್ಕಾಬಿಕ್ಕಿಯಾದರು. ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಕೊನೆಗೆ ಏನೋ ಗುಣಿಸಿ ಭಾಗಿಸಿ ಒಂದು ಮೊತ್ತ ಹೇಳಿದರು. ನಾನು ಬಿ.ಕಾಂ. ಓದಿದ್ದೇನೆಂಬುದು ಅವರಿಗೆ ಮರೆತುಹೋಗಿತ್ತು. ಮೂವತ್ತು ವರ್ಷ ಕಟ್ಟಿದರೆ ಆ ಪಾಲಿಸಿಯಲ್ಲಿ ನೆಮ್ಮದಿಯ ಮುಪ್ಪು ಕಾಣುವವರು ಯಾರು ಎಂದು ಲೆಕ್ಕ ಹಾಕಿದೆ. ಚಿಕ್ಕಪ್ಪ.

ವೈ.ಎನ್.ಹೊಸಕೋಟೆಯಿಂದ ಬಂದ ದೊಡ್ಡಪ್ಪ ಇನ್ನೂ ಎತ್ತರದಿಂದ ಮಾತಾಡಿದರು. ನಮ್ಮದು ನಿಡುಗಲ್ ಕೋಟೆ ಕಾದ ಮನೆತನವಂತೆ. ಪಾಳೆಯಗಾರರು ಕಾವಲಿನವರಿಗೆ ಉಂಬಳಿಯಾಗಿ ಹೊಲ ಬಿಟ್ಟುಕೊಟ್ಟಿದ್ದರಂತೆ, ಮಕ್ಕಳು ಮೊಮ್ಮಕ್ಕಳು ಕೂತು ಉಣ್ಣಲೆಂದು. “ಏಮಮ್ಮಾ, ಕೋಟೆ ಕಾದೋರ ಮನೆ ಹುಡುಗಿ ನೀನು, ಬ್ಯಾಂಕಿನ ಮುಂದೆ ಹೋಗಿ ನಿಂತ್ಕೋತೀಯಾ? ಪರುವು ಮರ್ಯಾದೆ ಏನಾಗ್ಬೇಕು?” ಎಂದರು. ಆ ಉಂಬಳಿ ಎಲ್ಲಿದೆ ದೊಡ್ಡಪ್ಪ ಎಂದು ಕೇಳಿದೆ. ಮುತ್ತಾತ ಅದನ್ನು ಒಂದು ಜೊತೆ ಎತ್ತಿಗೆ ಬರೆದುಕೊಟ್ಟನಂತೆ. ಎತ್ತು? ಸತ್ತುಹೋದವಂತೆ. ನಮ್ಮ ಮನೆತನಕ್ಕೆ ಉಳಿದದ್ದು ಪರುವು ಮಾತ್ರ. ಅದನ್ನು ಯಾರೂ ಅಡ ಇಟ್ಟುಕೊಳ್ಳುವುದಿಲ್ಲ.

ಶಿರಾದಲ್ಲಿ ನನ್ನ ಗೆಳತಿ ರೇಷ್ಮಾ ಇದ್ದಾಳೆ, ಜರಿ ಕೆಲಸದವಳು. ಅವಳು ಫೋನು ಮಾಡಿ, “ಚಲ್ ಬಾರೇ, ಕಲ್ಯಾಣ ಮಂಟಪದಲ್ಲಿ ಮೀಟಿಂಗೈತೆ. ಊಟಾನೂ ಮುಫ್ತ್” ಎಂದಳು. ಹೋದೆ. ಶಿರಾದ ಏಪ್ರಿಲ್ ಬಿಸಿಲಿನಲ್ಲಿ ಕೋಟು ತೊಟ್ಟ ಹುಡುಗನೊಬ್ಬ ವೇದಿಕೆ ಮೇಲೆ ಕುಣಿಯುತ್ತಿದ್ದ. ಪಿಂಚಣಿಗಾಗಿ ಅರವತ್ತರವರೆಗೆ ಕಾಯುವವರು ದಡ್ಡರಂತೆ. ಅವನ ಕಂಪನಿಯ ಸೋಪನ್ನು ನಾನು ಕೆಲವರಿಗೆ ಮಾರಿ, ಅವರು ಇನ್ನು ಕೆಲವರಿಗೆ ಮಾರಿಸಿದರೆ ಮೂವತ್ತೈದಕ್ಕೇ ಕಾಲು ಚಾಚಿ ಕೂರಬಹುದಂತೆ. ಬೆವರಿನಿಂದ ಅವನ ಕೋಟು ಬೆನ್ನಿಗೆ ಅಂಟಿತ್ತು. ಹೊಲಿಗೆಯೂ ಕೆಟ್ಟದಾಗಿತ್ತು, ಎಡ ಭುಜ ಇಳಿಬಿದ್ದಿತ್ತು. ತನ್ನ ಭುಜವನ್ನೇ ನೋಡಿಕೊಳ್ಳದವನು ನನ್ನ ಮುಪ್ಪನ್ನು ನೋಡುತ್ತಾನೆಯೇ ಎಂದು ರೇಷ್ಮಾಳ ಕಿವಿಯಲ್ಲಿ ಹೇಳಿ ನಕ್ಕೆ. ಹೀಗೆ ನಕ್ಕವಳು ಬರುವಾಗ ಒಂದು ಪೆಟ್ಟಿಗೆ ಸೋಪು ಹೊತ್ತು ತಂದದ್ದೇಕೆ ಎಂದು ಮಾತ್ರ ಕೇಳಬೇಡಿ. ಊಟದಲ್ಲಿ ಜಾಮೂನು ಇತ್ತು. ಇವತ್ತಿಗೂ ನಮ್ಮ ಮನೆಯವರೆಲ್ಲ ಅದೇ ಸೋಪಿನಲ್ಲಿ ಮೀಯುತ್ತೇವೆ. ನೊರೆ ಬರುವುದಿಲ್ಲ, ಖರ್ಚೂ ಆಗುವುದಿಲ್ಲ.

ಕೊನೆಗೆ ನಾನೇ ಕೂತು ಓದಿದೆ. ನನ್ನಂಥವರಿಗೆ ಸರ್ಕಾರದ್ದೇ ಎರಡು ದಾರಿಗಳಿದ್ದವು. ಒಂದರಲ್ಲಿ, ಅರವತ್ತಾದ ಮೇಲೆ ತಿಂಗಳಿಗೆ ಇಷ್ಟು ಕೊಡುತ್ತೇವೆಂದು ಈಗಲೇ ಗೊತ್ತು ಮಾಡುತ್ತಾರೆ. ಕಟ್ಟುವುದೂ ಕಡಿಮೆ, ಬರುವುದೂ ಕಡಿಮೆ. ಇನ್ನೊಂದರಲ್ಲಿ, ಕಟ್ಟಿದ ಹಣ ಷೇರು, ಸಾಲಪತ್ರ ಎಂದು ಮಾರುಕಟ್ಟೆಯಲ್ಲಿ ತಿರುಗುತ್ತದೆ. ಹೆಚ್ಚು ಬೆಳೆಯಬಹುದು, ಆದರೆ ಎಷ್ಟೆಂದು ಯಾರೂ ಮಾತು ಕೊಡುವುದಿಲ್ಲ. ಯಾವುದು ಎಂದು ಬಹಳ ದಿನ ತೂಗಿದೆ. ಮಾತು ಕೊಡುವವರನ್ನು ನಂಬಬೇಕೆಂದು ಮನಸ್ಸು ಎಳೆಯುತ್ತಿತ್ತು. ಆಗ ಪುಟ್ಟತಾಯಕ್ಕನನ್ನು, “ನೀನು ಶುರು ಮಾಡಿದಾಗ ರವಿಕೆಗೆ ಏನು ತಗೋತಿದ್ದೆ?” ಎಂದು ಕೇಳಿದೆ. ಅವಳು ಹೇಳಿದಳು. ಅವತ್ತು ಅವಳು ಇಡೀ ರವಿಕೆ ಹೊಲಿದು ಪಡೆದ ದುಡ್ಡಿಗೆ ಈಗ ರವಿಕೆಯ ಹುಕ್ಕೂ ಬರುವುದಿಲ್ಲ. ಹಾಗಾದರೆ ಇವತ್ತು ಗೊತ್ತುಮಾಡಿದ ಪಿಂಚಣಿ ನನ್ನ ಅರವತ್ತಕ್ಕೆ ಏನಾಗಿರುತ್ತದೆ? ಎಲೆ ಬಂದರೆ ಅಡಿಕೆ ಬಾರದು. ನಾನು ಅಂಜಿಕೊಂಡೇ ಎರಡನೆಯದಕ್ಕೆ ದೊಡ್ಡ ಪಾಲು, ಮೊದಲನೆಯದಕ್ಕೆ ಸಣ್ಣ ಪಾಲು ಎಂದು ತೀರ್ಮಾನ ಮಾಡಿದೆ.

ಅದನ್ನು ಪುಟ್ಟತಾಯಕ್ಕನಿಗೆ ಹೇಳಿದಾಗ ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. “ಮುದುಕಿ ಆಗಾಕೂ ಅರ್ಜಿ ಹಾಕ್ಬೇಕೇನೇ? ನಾವು ಪುಕ್ಸಟ್ಟೆ ಆಗ್ಬುಟ್ವಲ್ಲೇ!”

ಬ್ಯಾಂಕಿನಲ್ಲಿದ್ದ ಅಧಿಕಾರಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಮದುವೆ ಆಗಿದ್ಯಾ?” ಎಂದ. ಇಲ್ಲ ಎಂದೆ. “ಆದ್ಮೇಲೆ ಬನ್ನಿ ಮೇಡಂ. ಆಮೇಲೆ ಹೆಸರು, ವಿಳಾಸ, ನಾಮಿನಿ ಎಲ್ಲ ಚೇಂಜ್ ಮಾಡೋದು ರಗಳೆ.” ಮದುವೆಯಾಗದಿದ್ದರೆ ಹೆಂಗಸರಿಗೆ ವಯಸ್ಸಾಗುವುದಿಲ್ಲ ಎಂಬ ಸಂತೋಷದ ಸುದ್ದಿ ನನಗೆ ತಿಳಿದದ್ದು ಅಂದೇ. ನಾನು ಅಲ್ಲಾಡಲಿಲ್ಲ. ಊಟದ ಹೊತ್ತಾಗುತ್ತಿದ್ದರಿಂದ ಅವನೇ ಸೋತ. ನಾಮಿನಿ, ಎಂದರೆ ನಾನು ಸತ್ತರೆ ಹಣ ಪಡೆಯಬೇಕಾದವರ ಜಾಗದಲ್ಲಿ ಅಮ್ಮನ ಹೆಸರು ಬರೆದೆ.

ಅದನ್ನು ಸಂಭ್ರಮದಿಂದ ಮನೆಯಲ್ಲಿ ಹೇಳಿದೆ ನೋಡಿ. ಅಮ್ಮ ಅಕ್ಕಿ ಆರಿಸುತ್ತಿದ್ದವಳು ಮೊರವನ್ನು ಕುಕ್ಕಿದಳು.

“ನೀನು ಸತ್ಮೇಲೆ ನಂಗೆ ದುಡ್ಡಾ? ಯಾವನೇ ಅವ್ನು ಅಂಗೆ ಬರ್ಸಿದ್ದು? ಅವ್ನ ಬಾಯಿಗೆ ಮಣ್ಣಾಕ!”

“ಅದು ಸುಮ್ನೆ ರೂಲ್ಸು ಕಣಮ್ಮ.”

“ಮಗಳು ಸಾಯ್ಲಿ ಅಂತ ಕಾಯೋ ತಾಯಿ ಅಂತ ನನ್ನ ಬ್ಯಾಂಕಲ್ಲಿ ಬರ್ಸಿ ಬಂದವ್ಳೆ! ಮೊದ್ಲು ಹೋಗಿ ಅಳ್ಸು!”

ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಳು. ಮೂರನೆಯ ದಿನ ನನಗೆ ದೃಷ್ಟಿ ತೆಗೆದು, ಮೆಣಸಿನಕಾಯಿ ಒಲೆಗೆ ಹಾಕಿದಳು. ಪಿಂಚಣಿಯ ಘಾಟಿಗೆ ಮನೆಯವರೆಲ್ಲ ಕೆಮ್ಮಿದೆವು.

ಇಷ್ಟರಲ್ಲಿ ಚಿಕ್ಕಪ್ಪ ಶಿರಾ ಕಡೆಯಿಂದ ಒಂದು ಸಂಬಂಧ ತಂದರು. ಹುಡುಗ ಮಹೇಶ, ಸರ್ಕಾರಿ ಕಚೇರಿಯಲ್ಲಿ ಕಾಯಂ ನೌಕರ. ತಂದೆ ರಂಗಪ್ಪನವರು ನಿವೃತ್ತ ಗುಮಾಸ್ತರು. ಹೆಣ್ಣು ನೋಡಲು ಬಂದ ದಿನ ರಂಗಪ್ಪನವರು ನಮ್ಮ ಮನೆಯ ದೊಡ್ಡ ಕುರ್ಚಿಯನ್ನು ತಾವೇ ಗುರುತಿಸಿ ಕೂತರು. ಅವರ ಹೆಂಡತಿ ಜಯಮ್ಮ ಚಾಪೆಯ ತುದಿಯಲ್ಲಿ ಕೂತು, ಕೊಟ್ಟದ್ದನ್ನು ತಿಂದು, ಬಾಯಿ ಬಿಡಲಿಲ್ಲ. ಹುಡುಗ ತಟ್ಟೆಯನ್ನೇ ನೋಡುತ್ತಿದ್ದ. ನೋಡಲು ಲಕ್ಷಣವಾಗಿಯೇ ಇದ್ದ, ಆ ಮಾತು ಹೇಳಬೇಕು. ಅಂಗಿಯ ಕಾಲರು ಕೂಡ ಸರಿಯಾಗಿ ಕೂತಿತ್ತು.

ಮಾತಿನ ನಡುವೆ ಚಿಕ್ಕಪ್ಪ, ತಾವೇ ಮಾಡಿಸಿದ ಹಾಗೆ ಎದೆಯುಬ್ಬಿಸಿ, “ನಮ್ಮ ಹುಡುಗಿ ಈಗಿಂದ್ಲೇ ಪಿಂಚಣಿಗೆ ಕಟ್ತಾಳೆ ಸಾರ್” ಎಂದುಬಿಟ್ಟರು.

ರಂಗಪ್ಪನವರು ಹೊಟ್ಟೆ ಕುಲುಕಿಸಿ ನಕ್ಕರು. “ಪಿಂಚಣಿ ಅಂದ್ರೆ ಸರ್ಕಾರ ಕೊಡಾದು ಕಣಮ್ಮ. ಕೈಯಿಂದ ಕಟ್ಟಿ ಯಾರಾದ್ರೂ ತಗೋತಾರಾ? ನಂಗೆ ನೋಡು, ತಿಂಗ್ಳಾದ್ರೆ ಟಿಂಗ್ ಅಂತ ಮೆಸೇಜು. ನಾಳೆ ನನ್ನ ಮಗಂಗೂ ಅಂಗೇ. ಈ ಮನೆ ಸೇರಿದ್ಮೇಲೆ ನಿಂಗ್ಯಾಕೆ ಆ ಉಸಾಬರಿ?”

ವರ್ಷಕ್ಕೊಮ್ಮೆ ಹೋಗಿ ‘ನಾನಿನ್ನೂ ಬದುಕಿದ್ದೇನೆ’ ಎಂದು ರುಜು ಹಾಕಿ ಬರಬೇಕಾದ ಮನುಷ್ಯನಿಗೆ ಎಷ್ಟು ಠೀವಿ ಎಂದುಕೊಂಡೆ. ನಾನು ಏನಾದರೂ ಅನ್ನುವ ಮೊದಲೇ ಮಹೇಶ ತಟ್ಟೆಯಿಂದ ಕಣ್ಣೆತ್ತಿದ.

“ಇಲ್ಲಪ್ಪ. ನಂದೂ ಇವ್ರದ್ದೂ ಒಂದೇ ಥರದ್ದು.”

“ಏನ್ಲಾ ಅಂಗಂದ್ರೆ?”

“ನಿಮ್ಮ ಕಾಲದ ಪಿಂಚಣಿ ನಮಗಿಲ್ಲ. ನನ್ನ ಸಂಬಳದಲ್ಲಿ ಹಿಡ್ಕೋತಾರೆ, ಸರ್ಕಾರ ಒಂದಷ್ಟು ಸೇರಿಸ್ತೈತೆ, ಮಾರ್ಕೆಟ್ಟಿಗೆ ಹಾಕ್ತಾರೆ. ಕೆಲ್ಸಕ್ಕೆ ಸೇರಿದ ದಿನಾನೇ ಹೇಳಿದ್ದೆ. ನೀವು ಪೇಡ ಹಂಚ್ತಾ ಇದ್ರಿ, ಕೇಳಿಸ್ಕೊಳ್ಳಲಿಲ್ಲ.”

ಸರ್ಕಾರಿ ಅಳಿಯ ಎಂದು ಉಬ್ಬಿದ್ದ ಚಿಕ್ಕಪ್ಪನ ಮುಖ ನೋಡುವಂತಿತ್ತು. ರಂಗಪ್ಪನವರು ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ಗುಮಾಸ್ತರು ಕಡತದ ಇನ್ನೊಂದು ಹಾಳೆ ತಿರುವುವಂತೆ ಬೇರೆ ದಾರಿ ಹಿಡಿದರು.

“ಅದಿರ್ಲಿ. ನಿಂದ್ರಲ್ಲಿ ನಾಮಿನಿ ಯಾರು?”

“ನಮ್ಮಮ್ಮ.”

“ಲಗ್ನಪತ್ರಿಕೆಗೆ ಮುಂಚೆ ಅದನ್ನ ನಮ್ಮ ಹುಡುಗನ ಹೆಸ್ರಿಗೆ ಮಾಡ್ಸಿಬುಡಿ. ಕಾಗದ ಪತ್ರ ನೆಟ್ಟಗಿರ್ಬೇಕು.”

“ಮಾಡ್ಸಾಣ. ಅವ್ರದ್ದರಲ್ಲಿ ನನ್ನ ಹೆಸ್ರು ಹಾಕಿಸ್ತೀರಾ?”

“ಅದ್ರಲ್ಲಿ ಇವ್ನ ಅಮ್ಮನ ಹೆಸ್ರೈತೆ. ಹೆತ್ತ ತಾಯಿ ಹೆಸ್ರು ತೆಗ್ಸಕ್ಕಾಯ್ತದಾ?”

“ನಂದರಲ್ಲೂ ಹೆತ್ತ ತಾಯಿ ಹೆಸ್ರೇ ಇರೋದು” ಎಂದೆ.

ಅಮ್ಮ ಬಾಗಿಲ ಹಿಂದಿನಿಂದ ಸರ್ರನೆ ಹೊರಬಂದಳು. ಬೈಯುತ್ತಾಳೆಂದು ಹೆದರಿದೆ. ಅವಳು ನೇರ ರಂಗಪ್ಪನವರ ಎದುರು ನಿಂತು, “ನಮ್ಮ ಹುಡ್ಗಿ ಇನ್ನೂ ನಿಮ್ಮನೆ ಹೊಸ್ಲು ತುಳ್ದಿಲ್ಲ, ಆಗ್ಲೇ ಅವ್ಳು ಸತ್ಮೇಲಿನ ಲೆಕ್ಕ ಕೇಳ್ತೀರಲ್ಲ ಸ್ವಾಮಿ! ಕಾಪಿ ಕುಡ್ದು ಹೊರಡಿ” ಎಂದಳು. ಎರಡು ದಿನ ನನ್ನ ಮೇಲೆ ಮುನಿಸಿಕೊಂಡದ್ದೂ ಇದೇ ಕಾರಣಕ್ಕೆ, ಇಂದು ನನ್ನ ಪರ ನಿಂತದ್ದೂ ಇದೇ ಕಾರಣಕ್ಕೆ. ಅಮ್ಮನ ತರ್ಕದಲ್ಲಿ ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ.

ಅವರು ಕಾಫಿ ಕುಡಿಯಲಿಲ್ಲ. ಚಿಕ್ಕಪ್ಪ ನಮ್ಮ ಮನೆಗೆ ಬರುವುದನ್ನು ಸ್ವಲ್ಪ ಕಾಲ ನಿಲ್ಲಿಸಿದರು, ಅದು ಲಾಭ. ಊರಲ್ಲಿ ಮಾತ್ರ ಶೈಲಾ ಪಿಂಚಣಿಗೋಸ್ಕರ ಗಂಡನ್ನು ಬಿಟ್ಟಳು ಎಂದು ಸುದ್ದಿಯಾಯಿತು. ರವಿಕೆ ಕೊಡಲು ಬಂದವರೆಲ್ಲ ನನ್ನನ್ನು ಅನುಕಂಪದಿಂದ ನೋಡಿ, ಆಮೇಲೆ ಚೌಕಾಸಿ ಮಾಡುತ್ತಿದ್ದರು. ಅನುಕಂಪ ಇದ್ದವರು ಮಜೂರಿ ಪೂರ್ತಿ ಕೊಡಬಾರದೆ? ಒಂದೊಂದು ಸಂಜೆ, ಅಂಗಡಿಯ ಬಾಗಿಲು ಎಳೆಯುವಾಗ, ಆ ನೆಟ್ಟನೆಯ ಕಾಲರು ನೆನಪಾಗಿ ಸ್ವಲ್ಪ ಪೆಚ್ಚಾದದ್ದೂ ಉಂಟು. ಅಪ್ಪನ ಎದುರು ಸತ್ಯ ಹೇಳುವ ಗಂಡಸರು ನಮ್ಮ ಕಡೆ ಬೀದಿಬೀದಿಯಲ್ಲಿ ಸಿಗುವುದಿಲ್ಲ. ಆದರೆ ಅವನು ನಾಮಿನಿ ಮಾತಿಗೆ ಮತ್ತೆ ತಟ್ಟೆ ನೋಡತೊಡಗಿದ್ದ. ಒಂದು ಸತ್ಯಕ್ಕೇ ಅವನ ದಿನದ ಕೋಟಾ ಮುಗಿದಿತ್ತು.

ಆರು ತಿಂಗಳ ನಂತರ ಒಂದು ಮಧ್ಯಾಹ್ನ ಅಂಗಡಿಯ ಮೆಟ್ಟಿಲ ಮೇಲೆ ಜಯಮ್ಮ ನಿಂತಿದ್ದರು. ಕೈಯಲ್ಲಿ ರೇಷ್ಮೆ ರವಿಕೆ ಕಣ. ಶಿರಾದಿಂದ ಒಬ್ಬರೇ ಬಸ್ಸು ಹತ್ತಿ ಬಂದಿದ್ದರು. ಮಹೇಶನಿಗೆ ಗೌರಿಬಿದನೂರು ಕಡೆಯ ಹುಡುಗಿ ಗೊತ್ತಾಗಿದೆಯಂತೆ. ಮದುವೆಗೆ ಗಂಡಿನ ತಾಯಿ ಉಡುವ ಸೀರೆಗೆ ರವಿಕೆ ಹೊಲಿಸಬೇಕಿತ್ತಂತೆ. ಶಿರಾದಲ್ಲೇನು ದರ್ಜಿಗಳು ಸತ್ತುಹೋಗಿದ್ದರೇ? ನಾನು ತಿರಸ್ಕರಿಸಿದ, ಅಥವಾ ನನ್ನನ್ನು ತಿರಸ್ಕರಿಸಿದ ಗಂಡಿನ ಮದುವೆಗೆ ನಾನೇ ರವಿಕೆ ಹೊಲಿಯಬೇಕೆಂದರೆ ಎಂಥ ದಪ್ಪ ಚರ್ಮದ ಜನ ಎಂದು ಒಳಗೇ ಉರಿದೆ. ಆದರೂ ಗಿರಾಕಿ. ಅಳತೆ ತೆಗೆದುಕೊಳ್ಳಲು ಪರದೆಯ ಹಿಂದಕ್ಕೆ ಕರೆದೆ.

ನಮ್ಮ ಕಸುಬಿನಲ್ಲಿ ಪರದೆಯ ಹಿಂದಿನ ಜಾಗವೇ ಬೇರೆ. ಎದುರಿಗೆ ತುಟಿ ಬಿಚ್ಚದವರು ಅಲ್ಲಿ ತೋಳೆತ್ತಿ ನಿಂತಾಗ ಎಲ್ಲವನ್ನೂ ಹೇಳುತ್ತಾರೆ. ಟೇಪು ಎದೆಯ ಸುತ್ತ ಬಂದಾಗ ಜಯಮ್ಮ ಪಿಸುಗುಟ್ಟಿದರು.

“ಅವತ್ತು ನಿಮ್ಮ ಚಿಕ್ಕಪ್ಪ ಹೇಳಿದ್ರಲ್ಲಮ್ಮ, ನೀನು ಕಟ್ಟೋದು, ಅದು. ನನ್ನಂತೋರಿಗೂ ಆಯ್ತದಾ?”

ನನಗೆ ಅರ್ಥವಾಗಲಿಲ್ಲ. “ನಿಮ್ಮನೇಲಿ ಯಜಮಾನ್ರಿಗೆ ಬರ್ತೈತಲ್ಲ ಜಯಮ್ಮನೋರೆ?”

“ಬರ್ತೈತೆ. ಟಿಂಗ್ ಅಂತ ಸದ್ದಾಗೋದು ನಂಗೂ ಕೇಳ್ತೈತೆ” ಎಂದರು. ಮುಖದಲ್ಲಿ ನಗು ಇರಲಿಲ್ಲ. “ಮನೆ ಹಿಂದೆ ಒಂದು ಹಸ ಕಟ್ಟಿದೀನಿ. ಮನೆ ಖರ್ಚು ಕಳ್ದು ಉಳ್ದ ಹಾಲಿನ ದುಡ್ಡು ನಂದೇ. ಈ ಕೆಲ್ಸಕ್ಕೇ ಬಂದೆ ಕಣಮ್ಮ. ರವಿಕೆ ಒಂದು ನೆಪ. ರವಿಕೆ ಅಂದ್ರೆ ಎಲ್ಲಿಗಾದ್ರೂ ಕಳಿಸ್ತಾರೆ.”

ನಾನು ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ನಿಂತಲ್ಲೇ ವಿವರಿಸಿದೆ. ಒಂದಕ್ಕೆ ಅವರ ವಯಸ್ಸು ಮೀರಿತ್ತು. ಇನ್ನೊಂದಕ್ಕೆ ಸೇರಬಹುದಿತ್ತು, ಆದರೆ ತಡವಾಗಿ ಕಟ್ಟಿದ್ದು ಹೆಚ್ಚು ಬೆಳೆಯುವುದಿಲ್ಲ, ಏರಿಳಿತವೂ ಇರುತ್ತದೆ ಎಂದೆ. ಬಚ್ಚಿಡದೆ ಹೇಳಿದೆ. ಅವರು ಒಂದೊಂದಕ್ಕೂ ತಲೆಯಾಡಿಸಿದರು.

ಆ ದಿನವೇ ಬ್ಯಾಂಕಿಗೆ ಹೋದೆವು. ಅದೇ ಅಧಿಕಾರಿ ಇದ್ದ. ನನ್ನನ್ನು ಕಂಡು ಅವನ ಮುಖ ಹುಳಿಯಾಯಿತು. ಜಯಮ್ಮನ ಪಾಸ್‌ಬುಕ್ಕು, ಆಧಾರ್ ಎಲ್ಲವೂ ರವಿಕೆ ಕಣದ ಮಡಿಕೆಯೊಳಗೆ ಇದ್ದವು. ಅವನು ಬರೆಯುತ್ತಾ ಬಂದು, ನನಗೆ ಗೊತ್ತಿದ್ದ ಆ ಪ್ರಶ್ನೆಗೆ ಬಂದ. ನಾಮಿನಿ ಯಾರು?

ಜಯಮ್ಮ ನನ್ನ ಕಡೆ ತಿರುಗಿದರು. “ಅಂಗಂದ್ರೆ ನಾನು ಸತ್ಮೇಲೆ ತಗೊಳ್ಳೋರು ತಾನೆ?”

“ಹೂಂ.”

“ಸತ್ಮೇಲೆ ಯಾರಾದ್ರೂ ತಗೊಳ್ಲಿ ಬುಡು. ಗಂಡನ ಹೆಸ್ರೇ ಬರಿ” ಎಂದರು. ಆಮೇಲೆ ಮೇಜಿನ ಮೇಲೆ ಎರಡೂ ಕೈ ಊರಿ ಅಧಿಕಾರಿಯ ಕಡೆಗೆ ಬಾಗಿ, ಅವನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದರು:

“ಸಾಯೋಗಂಟ ನಂದು ತಾನೆ?”